ಏಳನೇ ಪ್ರಶ್ನೆಗೆ ಅಮ್ಮನ ಉತ್ತರ

ಅಕ್ಟೋಬರ್ 13, ಸೋಮವಾರ

ಮಾರ್ನಿಂಗ್ ಡ್ಯೂಟಿ. ವಾರ್ಡ್ ತುಂಬಾ ಜ್ವರದವರು. ಜಾವಗಲ್ ಕಡೆಯ ಒಬ್ಬ ಅಜ್ಜ ಸೂಜಿ ಕಾಣುವ ಮೊದಲೇ ಅಯ್ಯೋ ಅಂದ. ಚುಚ್ಚಿ ಡ್ರಿಪ್ ಬಿಟ್ಟ ಮೇಲೆ, "ಇನ್ನೂ ಚುಚ್ಚಿಲ್ವೇನವ್ವ?" ಅಂತ ಕೇಳಿದ. ಈ ಕೆಲಸ ಇಷ್ಟ ನನಗೆ. ಸಂಬಳ ಹೇಗಾದರೂ ಇರಲಿ.

ಮಧ್ಯಾಹ್ನ ಫೋನ್ ನೋಡಿದರೆ ಬೇಲೂರಿನವರ ಗ್ರೂಪಿನಲ್ಲಿ ರಾಶಿ ಮೆಸೇಜು. ಅರುಣ್‌ಕುಮಾರ್ ಮನೆಯವರದು. ಅವರು ನನ್ನನ್ನು ನೋಡಿ ಹೋಗಿ ಹೆಣ್ಣು ಒಪ್ಪಿಗೆ ಅಂದ ವಾರವೇ ನನ್ನನ್ನೂ ಅಮ್ಮನನ್ನೂ ಸೇರಿಸಿಬಿಟ್ಟರು. ಅವರ ಅಕ್ಕ ಹೇಮಾಶ್ರೀ ಒಂದು ಕ್ವಿಜ್ ಮಾಡಿ ಹಾಕಿದ್ದಾರೆ — 'ಈ ದೀಪಾವಳಿಗೆ ನೀವು ಯಾವ ಪಟಾಕಿ?' ನಿಮಗೆ ಹೋಳಿಗೆಯೋ ಕಜ್ಜಾಯವೋ. ಎಣ್ಣೆ ಸ್ನಾನಕ್ಕೆ ನೀವು ಮೊದಲೋ ಕೊನೆಯೋ. ಇದರಿಂದ ಮನುಷ್ಯರ ಸ್ವಭಾವ ಗೊತ್ತಾಗುತ್ತಂತೆ. ಅವರ ಸೋದರಮಾವ ಭೂಚಕ್ರ. ಅರುಣ್ ಹೂಕುಂಡ. ಅವರ ತಾಯಿ ಮತಾಪು... ಎಲ್ಲರೂ ಎಲ್ಲರಿಗೂ ಹಾರ್ಟ್.

ನಾನು ಮಾಡಲಿಲ್ಲ. ಹಸಿವಾಗಿತ್ತು.

ಅಕ್ಟೋಬರ್ 14

ಬೆಳಿಗ್ಗೆ ಎದ್ದರೆ ಗ್ರೂಪಿನಲ್ಲಿ ನನ್ನ ರಿಸಲ್ಟು. 'ಗಾನವಿ — ಸುರುಸುರು ಬತ್ತಿ. ಮನೆಗೆ ಬೆಳಕು. ಯಾರ ಕೈಯನ್ನೂ ಸುಡುವುದಿಲ್ಲ.' ಅಮ್ಮ ದೋಸೆ ಹಾಕುತ್ತಿದ್ದಳು. ಕೇಳಿದೆ.

"ನಾನೇ ಮಾಡ್ದೆ ಕಣೇ. ಎಲ್ಲಾರ್ದೂ ಬಂದೈತೆ, ಗಾನವೀದೊಂದೇ ಬಂದಿಲ್ಲ ಅಂತ ಹೇಮಾಶ್ರೀ ಹಾಕಿದ್ರು. ನೀನು ಮಲಗಿದ್ದೆ."

"ನನ್ನ ಸ್ವಭಾವಕ್ಕೆ ನೀನು ಉತ್ತರ ಬರೆಯೋದಾ?"

"ಹೆಣ್ ನೋಡಕ್ ಬಂದಾಗ್ಲೂ ನಾನೇ ಅಲ್ವಾ ಹೇಳಿದ್ದು?"

ಅದು ನಿಜ. ನಮ್ಮಲ್ಲಿ ಹಾಗೇ. ಹುಡುಗಿ ತಲೆ ಬಗ್ಗಿಸಿ ಕೂರಬೇಕು, ತಾಯಿ ಹೇಳಬೇಕು. ಅಪ್ಪ ಹೋದ ಮೇಲಂತೂ ಎಲ್ಲ ಮಾತೂ ಅಮ್ಮನದೇ. ಅಡುಗೆ ಬರುತ್ತಾ ಅಂದರು, ಬರುತ್ತೆ ಅಂದಳು. ಕೋಪ ಜಾಸ್ತಿಯಾ ಅಂದರು. "ನಮ್ ಹುಡ್ಗೀಗಾ?" ಅಂತ ನಕ್ಕಳು. ಪಕ್ಕದಲ್ಲೇ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಹೋಗಲಿ, ಪಟಾಕಿ ಆಟ ಅಂತ ಸುಮ್ಮನಾದೆ.

ಅಕ್ಟೋಬರ್ 16, ಗುರುವಾರ

ಹೇಮಾಶ್ರೀ ಅಕ್ಕನ ಫೋನು. ಡ್ರೆಸ್ಸಿಂಗ್ ಟ್ರೇ ಕೈಯಲ್ಲಿತ್ತು.

"ಏಳನೇದಕ್ಕೆ ನೀನು ಕೊಟ್ಟ ಉತ್ತರ ಓದಿ ನಮ್ಮಮ್ಮನಿಗೆ ಎಷ್ಟು ಖುಷಿ ಆಯ್ತು ಗೊತ್ತಾ?"

ಕ್ವಿಜ್ ಮಾಡಿದವರಿಗೆ ಎಲ್ಲರ ಉತ್ತರವೂ ಕಾಣುತ್ತಂತೆ. ಅವರೇ ಓದಿ ಹೇಳಿದರು. ಹಬ್ಬದ ದಿನ ಡ್ಯೂಟಿಗೆ ಕರೆದರೆ ಏನು ಮಾಡುತ್ತೀರಿ? ಎ — ಹೋಗುತ್ತೇನೆ. ಬಿ — ಫೋನ್ ಸ್ವಿಚ್ ಆಫ್. ಸಿ — ಮದುವೆ ಆದ ಮೇಲೆ ಡ್ಯೂಟಿಯೇ ಬೇಡ, ಮನೆಯೇ ಸಾಕು.

ಅಮ್ಮ ಸಿ ಒತ್ತಿದ್ದಾಳೆ.

"ಕೆಲಸದ ವಿಷ್ಯ ನಾವಾಗಿ ಹೇಗಪ್ಪಾ ಕೇಳೋದು ಅಂತಿದ್ವಿ. ನೀನೇ ಹೇಳ್ಬಿಟ್ಟೆ. ಹಬ್ಬ ಮುಗಿಸ್ಕೊಂಡು ನೋಟಿಸ್ ಕೊಟ್ಬಿಡಮ್ಮ."

ಪಟಾಕಿ ಕ್ವಿಜ್‌ನಲ್ಲಿ ಈ ಪ್ರಶ್ನೆಗೇನು ಕೆಲಸ? ತಮಾಷೆಗೆ ಹಾಕಿದ್ದೋ, ಬೇಕೆಂದೇ ಹಾಕಿದ್ದೋ... ಬರೆದದ್ದು ಅಮ್ಮ ಅನ್ನೋಣ ಅಂದುಕೊಂಡೆ. ಅಂದರೆ ಅಮ್ಮ ಅವರೆಲ್ಲರ ಎದುರು ಸುಳ್ಳುಗಾತಿ. ಅನ್ನದಿದ್ದರೆ ನನ್ನ ಕೆಲಸ ಹೋಯಿತು. ಆಮೇಲೆ ಮಾಡ್ತೀನಿ ಅಕ್ಕ ಅಂತ ಫೋನ್ ಇಟ್ಟೆ.

ಮನೆಗೆ ಬಂದು ಕೇಳಿದರೆ, "ಹಂಗಂದ್ರೆ ಖುಷಿ ಆಯ್ತಾರೆ ಅಂತ ಒತ್ತಿದೆ" ಅಂದಳು.

ಅಕ್ಟೋಬರ್ 18

ವೀಕ್ ಆಫ್. ಬಸ್ ಹತ್ತಿ ಹಳೇಬೀಡಿಗೆ ಹೋದೆ. ಅರುಣ್ ಅಲ್ಲಿ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಎಮ್ಮೆ ನೋಡಿ ಬಂದಿದ್ದರು. ಟೀ ಅಂಗಡಿಯಲ್ಲಿ ಕೂತ ಕೂಡಲೇ, "ವಾಸನೆ ಬರ್ತಿದ್ಯಾ?" ಅಂತ ಸಂಕೋಚದಲ್ಲಿ ಕೇಳಿದರು. ಇದಕ್ಕೇ ಇವರು ಇಷ್ಟವಾದದ್ದು.

ಎಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ, "ನಂಗೂ ಬೇಜಾರಾಗಿತ್ತು. ಕೆಲಸ ಬಿಡೋ ವಿಷ್ಯ ನನಗೊಂದು ಮಾತು ಹೇಳ್ಲಿಲ್ವಲ್ಲ ಅಂತ."

"ಈಗ ಗೊತ್ತಾಯ್ತಲ್ಲ. ಮನೇಲಿ ಹೇಳ್ತೀರಾ?"

ಲೋಟ ತಿರುಗಿಸುತ್ತಾ ಕೂತರು. "ಅಕ್ಕನ ಹತ್ರ ಹೇಗೆ... ಒಂದು ಕೆಲಸ ಮಾಡು. ಕ್ವಿಜ್ ಇನ್ನೊಂದ್ಸಲ ತಗೊ. ಏಳಕ್ಕೆ ಎ ಒತ್ತು. ಅವಳೇ ನೋಡ್ಕೊಂಡು ಅರ್ಥ ಮಾಡ್ಕೋತಾಳೆ."

ಒದೆಯೋ ಎಮ್ಮೆಗೆ ಇಂಜೆಕ್ಷನ್ ಕೊಡೋ ಗಂಡಸು. ಅಕ್ಕನಿಗೆ ಒಂದು ಮಾತು ಹೇಳಲು ಪಟಾಕಿ ಕ್ವಿಜ್ ಬೇಕು. ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ ಸ್ಟ್ಯಾಂಡ್ ತನಕ ಹಿಂದೆ ಹಿಂದೆಯೇ ಬಂದರು. ತಿರುಗಿ ನೋಡದೆ ಬಸ್ ಹತ್ತಿದೆ.

ಅಕ್ಟೋಬರ್ 19, ಭಾನುವಾರ

ಕೋಪದಲ್ಲಿ ತಗೊಂಡೇಬಿಟ್ಟೆ. ಎಲ್ಲಕ್ಕೂ ನಿಜವೇ ಒತ್ತಿದೆ. ಕಜ್ಜಾಯದ್ದಕ್ಕೂ.

'ಗಾನವಿ — ಆಟಂ ಬಾಂಬ್. ಬತ್ತಿ ಹಚ್ಚಿದವರು ದೂರ ಓಡಿ.'

ಗ್ರೂಪಿಗೆ ಹೋಯಿತು. ಒಂದೂ ಹಾರ್ಟ್ ಇಲ್ಲ. ಅರುಣ್ ಹೆಬ್ಬೆಟ್ಟು ಹಾಕಿದರು, ಆಮೇಲೆ ತೆಗೆದರು. ಸಂಜೆ ಹೇಮಾಶ್ರೀ ಅಕ್ಕ: 'ಎರಡು ಸಲ ಯಾಕೆ? ಯಾವುದು ನಿಜ?'

ಟೈಪ್ ಮಾಡಿದೆ. ಅಳಿಸಿದೆ. ಅಮ್ಮ ಎದುರಿಗೇ ಕೂತು ಕಜ್ಜಾಯದ ಪಾಕ ನೋಡುತ್ತಿದ್ದಳು.

ಅಕ್ಟೋಬರ್ 20, ನರಕ ಚತುರ್ದಶಿ

ಅರುಣ್ ತಾಯಿಯ ಫೋನು, ಅಮ್ಮನಿಗೆ. ಕೈಗೆ ಎಣ್ಣೆ ಅಂತ ಸ್ಪೀಕರ್ ಹಾಕಿದ್ದಳು.

"ನಿಮ್ ಹುಡ್ಗಿ ದಿನಕ್ಕೊಂದು ಮಾತಾಡ್ತಾಳೇನ್ರೀ?"

ಅಮ್ಮ ನನ್ನ ಮುಖ ನೋಡಿದಳು. ನೋಡಿಕೊಂಡೇ ಹೇಳಿದಳು. "ಎರಡನೇದು ಪಕ್ಕದ ಮನೆ ಮಕ್ಳು ಫೋನ್ ಇಸ್ಕೊಂಡು ಒತ್ತಿದ್ದು ಕಣ್ರೀ. ಮೊದಲನೇದೇ ಅವಳ್ದು."

"ಸರಿ ಬುಡಿ. ಭಾನುವಾರ ವೀಳ್ಯದ ಶಾಸ್ತ್ರದಲ್ಲಿ ಹಿರೀಕರ ಮುಂದೆ ಆಡ್ಬುಡಾನ."

ಹಿರಿಯರ ಮುಂದೆ ಒಪ್ಪಿ ಎಲೆ ಅಡಿಕೆ ಬದಲಾಯಿಸಿಕೊಂಡರೆ ಮುಗಿಯಿತು. ಆಮೇಲೆ ಅದರ ಮೇಲೆ ಮಾತಿಲ್ಲ.

ಕೂಗಾಡಿದೆ. ಅಮ್ಮನೂ ಕೂಗಿದಳು, ಆಮೇಲೆ ಅತ್ತಳು. "ಈ ಸಂಬಂಧ ಮುರಿದ್ರೆ ನನ್ ಬಾಯಿಂದ ಮುರೀತು ಅಂತಾಯ್ತದೆ ಕಣೇ. ಅಪ್ಪ ಇಲ್ದಿರೋ ಹುಡ್ಗಿ, ಯಾರ್ ಬತ್ತಾರೆ ಆಮೇಲೆ?" ಭಯಕ್ಕೆ ಸುಳ್ಳು ಹೇಳುತ್ತಿದ್ದಾಳೆ. ಗೊತ್ತು. ಗೊತ್ತಿದ್ದರೂ ಮುಖ ನೋಡಲು ಆಗುತ್ತಿಲ್ಲ.

ಕಜ್ಜಾಯ ಇಬ್ಬರೂ ಮುಟ್ಟಲಿಲ್ಲ.

ಅಕ್ಟೋಬರ್ 26, ಭಾನುವಾರ. ಹನ್ನೊಂದು ಗಂಟೆ

ಒಳಗಿನ ರೂಮು. ಸೀರೆ ಉಟ್ಟು ಕೂತಿದ್ದೇನೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೇಲೂರಿನವರು ಬಂದಾಯಿತು. ಗಂಡಸಿ ಊರಿನಿಂದ ನಮ್ಮ ದೊಡ್ಡಪ್ಪನೂ. ಅರುಣ್ ಜಮಖಾನ ನೋಡಿಕೊಂಡು ಕೂತಿದ್ದಾರೆ, ಬಾಗಿಲ ಸಂದಿಯಲ್ಲಿ ಕಾಣುತ್ತೆ. ಅಮ್ಮನೂ ನಾನೂ ವಾರದಿಂದ ಸರಿಯಾಗಿ ಮಾತಾಡಿಲ್ಲ.

ಅವರ ಸೋದರಮಾವನ ದನಿ. ಮದುವೆ ಯಾರ ಮನೆ ಕಡೆ, ಯಾವ ತಿಂಗಳು... ಎಲ್ಲಕ್ಕೂ ಅಮ್ಮ ಹೂಂ ಅಂತಿದ್ದಾಳೆ.

"ಹುಡುಗಿ ಮದುವೆ ಆದ್ಮೇಲೆ ಕೆಲಸಕ್ಕೆ ಹೋಗಲ್ಲ. ಅವಳೇ ಒಪ್ಪಿರೋ ಮಾತು. ಅಲ್ವೇನಮ್ಮ?"

ಅಮ್ಮನ ದನಿ ಇಲ್ಲ.



"ಏನಮ್ಮ?"

"ಒಂದ್ ನಿಮಿಷ. ಬಂದೆ" ಅಂದಳು. ಎದ್ದಳು. ಬಳೆ ಸದ್ದು ಈ ಕಡೆಗೇ.

ಬಾಗಿಲಲ್ಲಿ ನಿಂತಿದ್ದಾಳೆ. ಮುಖವೆಲ್ಲ ಬೆವರು.

"ಏನ್ ಹೇಳ್ಲೇ?"

ನನ್ನನ್ನು ಕೇಳುತ್ತಿದ್ದಾಳೆ. ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದವಳಲ್ಲ. ನೀನು ಕೂತ್ಕೊಳಮ್ಮ, ನಾನೇ ಹೇಳ್ತೀನಿ ಅಂದೆ.

"ಎದ್ ಹೊಂಟೋದ್ರೆ?"

ಹೋಗ್ಲಿ ಅನ್ನಲು ಬಾಯಿ ಬರಲಿಲ್ಲ. ಅರುಣ್ ಬೇಕು ನನಗೆ. ಕೆಲಸವೂ ಬೇಕು. ಎರಡನ್ನೂ ಹಾಗೇ ಹೇಳುತ್ತೇನೆ.

ಅಮ್ಮ ನನ್ನ ಸೆರಗಿಗೆ ಪಿನ್ ಹಾಕುತ್ತಿದ್ದಾಳೆ. ಹೊರಗೆ ಯಾರೋ ಎದ್ದು ನಿಂತ ಹಾಗಾಯಿತು, ಅರುಣ್ ಇರಬೇಕು. ಸಾಕು ಬಿಡಮ್ಮ, ಸರಿಯಾಗೇ ಇದೆ, ನಾನು ಹೋ—