ಎಡಹೆಗಲಿನ ಬಂದೂಕು

ಆಗಸ್ಟ್ 5, ಸೋಮವಾರ
ಮತ್ತೆ ಎರಡು ಸಾಲು ಕಡಲೆಕಾಯಿ ಹಂದಿ ಪಾಲು. ಇವರು ಮಂಚದಿಂದಲೇ ಎಷ್ಟು ಹೋಯ್ತು ಅಂತ ಕೇಳಿದರು. ಸ್ವಲ್ಪ ಅಂದೆ. ಹೋದ ವರ್ಷ ಅದೇ ಹೊಲದಲ್ಲಿ ಹಂದಿ ತಿವಿದು ಇವರ ಕಾಲು ಹೋಯಿತು. ಆಮೇಲೆ ಕಾವಲು ನನ್ನದೇ. ತಗಡಿನ ಡಬ್ಬ, ಟಾರ್ಚು, ಗಂಟಲು... ಸಾಕಾಗಿದೆ. ಬಂದೂಕಿನ ಲೈಸೆನ್ಸಿಗೆ ಅಲೆದು ಏಳು ತಿಂಗಳು. ಕೋಲಾರದ ತರಬೇತಿಯಲ್ಲಿ ಹೇಳಿಕೊಟ್ಟಂತೆ ಒನಕೆಯನ್ನು ಬಲಹೆಗಲಿಗಿಟ್ಟು ದಿನಾ ಪ್ರಾಕ್ಟೀಸ್. ಬಿಡೋದಿಲ್ಲ.

ಆಗಸ್ಟ್ 27
ಲೈಸೆನ್ಸ್ ಬಂತು! ಮೇಲೆ ನನ್ನದೇ ಹೆಸರು: ಗಂಗರತ್ನಮ್ಮ, ದೇವರಾಯಸಮುದ್ರ. ಫೋಟೋದಲ್ಲಿ ಕಳ್ಳಿ ಥರ ಇದ್ದೀನಿ. ಬೆಳೆ ಕಾಯೋಕೆ, ಹಂದಿ ಬೆದರಿಸೋಕೆ ಮಾತ್ರ. ಮೈದುನ ಕೋದಂಡರಾಮಪ್ಪ ಬಂದೂಕಿನ ಅಂಗಡಿಗೆ ತಾನೂ ಬರ್ತಾನಂತೆ, ಆರಿಸಿಕೊಡ್ತಾನಂತೆ. ಗೊತ್ತು. ಅವನಿಗೆ ಬೇಕಾಗಿರೋದು ಹಂದಿ ಬಾಡು. ಅವನು ಹೊಡೆದರೆ ಫಾರೆಸ್ಟಿನವರು ಎಳಕೊಂಡು ಹೋಗೋದು ನನ್ನನ್ನು. ನನ್ನ ಕೈಗೆ ಒಗ್ಗದ ಬಂದೂಕು ಬಂದರೆ ಅದು ಅವನದೇ ಆಗುತ್ತೆ.

ಆಗಸ್ಟ್ 30, ಸಂಜೆ 7
ಬೆಂಗಳೂರಿಗೆ ಹೋಗಿ ಬಂದೆ. ಕಡಿಮೆ ರೇಟಿನ ಒಂಟಿ ನಳಿಗೆಯವು ಮೂರು ಕಂಪನಿ. ಅಂಗಡಿಯವನು ಪ್ರತಿಯೊಂದನ್ನೂ ಮೊದಲು ಕೋದಂಡನ ಕೈಗೇ ಕೊಟ್ಟ. ಕೈ ಚಾಚಿ ಇಸಕೊಂಡೆ.
ಭೈರವ್ — ಉದ್ದ, ಭಾರ. ಎತ್ತಿ ನೂರು ಎಣಿಸೋದರೊಳಗೆ ತೋಳು ನಡುಗಿತು. ಕೋದಂಡ ಇದೇ ಅಂದ.
ನ್ಯೂ ನರ್ಮದಾ — ಹಗುರ, ಚೆಂದ. ಆದರೆ ಗುಂಡು ತುಂಬೋಕೆ ನಳಿಗೆ ತೆರೆಯೋ ಪಟ್ಟಿ ಮೇಲಿದೆ, ಬಲಹೆಬ್ಬೆರಳಲ್ಲಿ ತಳ್ಳಬೇಕು. ನನ್ನ ಬಲಹೆಬ್ಬೆರಳಿಗೆ ಅದು ಜಗ್ಗಲಿಲ್ಲ.
ಹಿಂದ್ ಕಿಸಾನ್ — ಎಲ್ಲಕ್ಕಿಂತ ಅಗ್ಗ. ವಾರ್ನಿಷ್ ಒರಟು. ಪಟ್ಟಿ ಕೆಳಗೆ, ಯಾವ ಕೈಯಾದರೂ ಆಗುತ್ತೆ. ಎತ್ತಿದೆ. ಎತ್ತಿದ್ದು ಎಡಹೆಗಲಿಗೆ! ನೆಟ್ಟಗೆ ಕೂತಿತು.
ನಾನು ಎಡಚಿ. ಮದುವೆಯಾದ ಹೊಸದರಲ್ಲಿ ಎಡಗೈಲಿ ಬಡಿಸಿ ಅತ್ತೆ ಹತ್ತಿರ ಬೈಸಿಕೊಂಡೆ. ಅವತ್ತಿನಿಂದ ಎಲ್ಲಕ್ಕೂ ಬಲಗೈ. ಬಂದೂಕಿಗೂ! ತರಬೇತಿಯಲ್ಲಿ ಗುಂಡೆಲ್ಲ ಗುರಿಹಲಗೆ ಪಕ್ಕದ ಮಣ್ಣಿಗೆ ಹೋಗಿದ್ದು ಅದಕ್ಕೇ. ಎಂಥ ಪೆದ್ದಿ ನಾನು.
ಕೋದಂಡ ನಕ್ಕ, ಎಡಗೈ ಅಪಶಕುನ ಅಂದ. ಹಂದಿಗೆ ಅಪಶಕುನ ಆದರೆ ಒಳ್ಳೇದೇ ಅಂದು ಹಿಂದ್ ಕಿಸಾನೇ ಬಿಲ್ ಹಾಕಿಸಿದೆ.

ಸೆಪ್ಟೆಂಬರ್ 7, ಬೆಳಿಗ್ಗೆ
ಐದೂವರೆಗೆ ನಾಲ್ಕು ಹಂದಿ. ತುಂಬ ಹೆದರಿದ್ದೆ. ಆಕಾಶಕ್ಕೆ ಒಂದೇ ಗುಂಡು. ಬೇಲಿ ಮುರಕೊಂಡು ಓಡಿದವು. ಒಂದು ಗಿಡ ಹಾಳಾಗಿಲ್ಲ. ಹೆಗಲು ಊದಿದೆ, ಖುಷಿಗೆ ನಿದ್ದೆ ಬರ್ತಿಲ್ಲ.

ಸೆಪ್ಟೆಂಬರ್ 8, ಮಧ್ಯಾಹ್ನ
ಕೋದಂಡ ಬಂದ. "ವದಿನಾ, ವದಿನಾ" ಅಂತ ಅತ್ತಿಗೆಯನ್ನ ತೆಲುಗಲ್ಲಿ ಕರೆದು ಬೆಣ್ಣೆ ಹಚ್ಚಿದ. ಒಂದು ರಾತ್ರಿ ಮಟ್ಟಿಗೆ ಬಂದೂಕು ಬೇಕಂತೆ, ಗುಡ್ಡದ ಕಡೆ ಹೋಗಬೇಕಂತೆ. ನಾನು ಬಾಯಿ ತೆಗೆಯೋ ಮೊದಲೇ ತನ್ನ ಅಣ್ಣನನ್ನೇ, ಅಂದರೆ ಇವರನ್ನೇ, ಕೇಳಿದ. ಇವರು ಒಂದು ವರ್ಷದಲ್ಲಿ ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ಮಂಚದ ಮೇಲೆ ಎದ್ದು ಕೂತರು.
"ಅದು ಅವಳ್ದು ಕಣೋ. ಅವಳನ್ನ ಕೇಳು."
ಇಬ್ಬರೂ ನನ್ನ ಮುಖ ನೋಡಿದರು. ಕೊಡಲ್ಲ ಅಂದೆ. ಆಮೇಲೆ ಅಡುಗೆಮನೆಗೆ ಹೋಗಿ, ಇವರ ತಟ್ಟೆಗೆ ಎಡಗೈಲೇ ಅನ್ನ ಬಡಿಸಿ ತಂದೆ. ಇವರು ತಟ್ಟೆ ನೋಡಿದರು, ನನ್ನ ಕೈ ನೋಡಿದರು, ಆ ಕೈಯಲ್ಲೇ ಇನ್ನೊಂದು ಸೌಟು ಹಾಕು ಅಂದರು.