ಬಂದೆ ಸಾರ್

ಅಪ್ಪಾ,

ನೀನು ಸಾಯುವ ತನಕ ದುಡಿದ ಲಾಂಡ್ರಿಯಲ್ಲೇ ಈಗ ನಾನಿದ್ದೇನೆ. ನಮ್ಮ ಬಣ್ಣದವರನ್ನೆಲ್ಲ ಮೇಸ್ತ್ರಿ ಇಂದಿಗೂ ‘ಕರಿಯ’ ಎಂದೇ ಕರೆಯುತ್ತಾನೆ. ಹಾಗೆ ಕರೆಯಬಾರದೆಂದು ನಾನು ಹಂಚಿದ ಕರಪತ್ರಗಳನ್ನು ಯಾರೂ ಓದಲಿಲ್ಲ. ನಿನಗೆ ಕೊಟ್ಟದ್ದು ಈಗಲೂ ನಿನ್ನ ಇಸ್ತ್ರಿ ಮೇಜಿನ ಕುಂಟುಕಾಲಿನ ಕೆಳಗೆ ಮಡಚಿಕೊಂಡು ಕೂತಿದೆ.

ಇವತ್ತು ಮೇಸ್ತ್ರಿ ಹಾಗೆ ಕೂಗಿದಾಗ ಹೊಸದಾಗಿ ಸೇರಿದವನು ತಿರುಗಲಿಲ್ಲ.

“ಕಿವಿ ಕೇಳಲ್ವೇನೋ ಕರಿಯಾ? ನಾಳೆಯಿಂದ ಕೆಲ್ಸಕ್ಕೇ ಬರ್ಬೇಡ ಹಾಗಾದ್ರೆ.”

ಆಗ ಬೆಳ್ಳನೆಯ ಮುಖದ ಇಸ್ತ್ರಿ ಅಕ್ಕ ಹಬೆಯೊಳಗಿಂದ “ಬಂದೆ ಸಾರ್” ಎಂದಳು.

“ನಿನ್ನನ್ನಲ್ಲಮ್ಮ ಕರೆದಿದ್ದು.”

“ಹೌದಾ? ನನ್ನನ್ನೇ ಅಂದ್ಕೊಂಡೆ.”

ಒಗೆಯುವವರು, ಹಿಂಡುವವರು, ಡ್ರೈವರಣ್ಣ, ನಾನು, ಎಲ್ಲರೂ “ಬಂದೆ ಸಾರ್” ಎನ್ನುತ್ತ ಅವನ ಸುತ್ತ ನಿಂತೆವು. ಮೇಸ್ತ್ರಿಯ ಮುಖ ಹಿಂಡಿದ ಬಟ್ಟೆಯಂತಾಯಿತು. ಕೊನೆಗೆ ಹೊಸಬನ ಹೆಸರು ಕೇಳಿ ಹೆಸರು ಹಿಡಿದೇ ಕರೆದ.

ನಾನು ಕುಣಿಯಬೇಕಿತ್ತು. ಆದರೆ ಎಲ್ಲರೂ ಸುಮ್ಮನಾದ ಮೇಲೆ ನಿನ್ನ ಮೇಜಿನ ಕಡೆಯಿಂದ ಇನ್ನೊಂದು “ಬಂದೆ ಸಾರ್” ಕೇಳಿಸಿತು, ಮೆತ್ತಗೆ, ನಾನು ನಿನಗೆ ಬುತ್ತಿ ತರುತ್ತಿದ್ದಾಗ ಕೇಳಿಸುತ್ತಿದ್ದ ಹಾಗೆಯೇ. ಆಗೆಲ್ಲ ನಾನು ಬಾಗಿಲ ಹೊರಗೇ ನಿಂತುಬಿಡುತ್ತಿದ್ದೆ.

ಇವತ್ತು ಒಳಗೇ ಇದ್ದೇನೆ. ನಿನ್ನನ್ನು ಯಾರೂ ಕರೆಯಲಿಲ್ಲ ಅಪ್ಪಾ. ಏಳಬೇಡ, ಕೂತುಕೋ.