ಕೆಂಪು ಮಾತ್ರೆ

ಅಣ್ಣಾ,

ನೀನು ಹೋಗಿ ವರ್ಷವಾಯಿತು. ನಿನ್ನ ಕ್ಷಯ ಈಗ ನನ್ನ ಪಾಲಿಗೆ ಬಂದಿದೆ. ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಇಟ್ಟಿದ್ದಾರೆ. ಕಿಟಕಿ ಸದಾ ತೆರೆದಿರುತ್ತದೆ, ಬಾಗಿಲು ಸದಾ ಮುಚ್ಚಿರುತ್ತದೆ. ಬರೀ ಮಾತಿನಿಂದ ಹೊಲಿಗೆ ಅಂಗಡಿ ಕಟ್ಟಿದವನಿಗೆ ಇಲ್ಲಿ ಗೋಡೆಯೇ ಗಿರಾಕಿ.

ಕೆಂಪು ಮಾತ್ರೆ ನುಂಗಿದರೆ ಮೂತ್ರವೂ ಕೆಂಪಾಗುತ್ತದೆ ಎಂದು ನೀನು ನಗುತ್ತಿದ್ದೆಯಲ್ಲ, ಇವತ್ತು ನರ್ಸ್ ಬಂದು ಅದೊಂದನ್ನೇ ನನ್ನ ಡಬ್ಬಿಯಿಂದ ತೆಗೆದರು.

"ನಿಮ್ಮ ರೋಗಾಣುವಿಗೆ ಇದು ನಾಟಲ್ಲ ಯಜಮಾನ್ರೇ. ಎಲ್ಲೋ ಮೊದಲೇ ಇದರ ಪೆಟ್ಟು ತಿಂದು ಬದುಕಿಕೊಂಡಿದೆ."

"ಹಾವನ್ನ ಅರ್ಧ ಹೊಡೆದು ಬಿಟ್ಟ ಹಾಗಾ?"

"ಹಾಗೇ. ಆರು ತಿಂಗಳ ಮಾತ್ರೆ ಇದು. ಮೊದಲ ಎರಡು ತಿಂಗಳಲ್ಲಿ ಹೆಚ್ಚಿನ ರೋಗಾಣು ಸಾಯ್ತವೆ, ಕೆಮ್ಮು ನಿಲ್ಲುತ್ತೆ. ಮಲಗಿರೋವು ಒಳಗೇ ಇರ್ತವೆ. ಮಿಕ್ಕ ನಾಲ್ಕು ತಿಂಗಳ ಮಾತ್ರೆ ಅವುಗಳಿಗೆ. ಮನೇಲಿ ಯಾರಾದ್ರೂ ನಡುವೆ ಬಿಟ್ಟಿದ್ರಾ?"

"ನಮ್ಮಣ್ಣ. ಎರಡು ತಿಂಗಳಿಗೇ ಬಿಟ್ಟ."

"ಯಾಕೆ ಬಿಟ್ರು?"

ಶಾಲೆಯ ಸಮವಸ್ತ್ರದ ಆರ್ಡರ್ ತಲೆಯ ಮೇಲಿತ್ತು, ಅಂಗಡಿಯಲ್ಲಿ ಬಟ್ಟೆ ಕತ್ತರಿಸಲು ಬರುತ್ತಿದ್ದದ್ದು ನಿನಗೊಬ್ಬನಿಗೇ. "ಗುಂಡುಕಲ್ಲಿನ ಹಾಗಿದ್ದೀಯ. ತಲೆ ತಿರುಗಿಸೋ ಆ ಮಾತ್ರೆ ಬಿಟ್ಹಾಕು, ಬಂದು ಕತ್ತರಿ ಹಿಡಿ" ಎಂದು ನಿನ್ನ ಮಂಚದ ಪಕ್ಕ ನಿಂತು ನಾನೇ ಹೇಳಿದ್ದೆ.

"ಅವನು ಯಾರ ಮಾತೂ ಕೇಳೋನಲ್ಲ ಸಿಸ್ಟರ್" ಎಂದೆ.

ಅವರು ಹಾಗೆಯೇ ಬರೆದುಕೊಂಡು, ಬಾಗಿಲು ಎಳೆದುಕೊಂಡು ಹೋದರು.

ಒಂದು ದಿನವೂ ನನ್ನ ಮಾತು ಮೀರಿದವನಲ್ಲ ನೀನು.